ಮೊದಲ ಸುತ್ತಿಗೆ ಮುಂಚೆ

ಗ್ರ್‌ರ್... ಟಕ್.
ಮತ್ತೆ ಕೀಲಿ ತಿರುಗಿಸಿದರೆ, ಗ್ರ್‌ರ್... ಟಕ್.
ಕತ್ತಲಲ್ಲಿ ಎದ್ದು ನಡೆದು
ಗೋಡೆಗೆ ಹಣೆ ತಾಗಿಸಿಕೊಂಡವನ ಹಾಗೆ
ಅರ್ಧ ಸುತ್ತಿಗೇ ನಿಂತುಬಿಡುತ್ತದೆ.

"ಬ್ಯಾಟರಿ ಹೊಸದು," ಅನ್ನುತ್ತಾಳೆ ಅಕ್ಕಯಮ್ಮ,
"ಜೆ.ಸಿ. ರೋಡಿಂದ ತಂದಿದ್ದು, ಬಿಲ್ಲಿದೆ.
ಸ್ಟಾರ್ಟರ್ ಮೋಟರು ಒಬ್ಬ ಬದಲಾಯಿಸಿದ,
ಒಬ್ಬ ಪ್ಲಗ್ಗು ಹಾಕಿ ಕಾರ್ಬ್ಯುರೇಟರ್ ತೊಳೆದು ಹೋದ.
ಮೊನ್ನೆ ಬಂದೋನು ಟೆಂಪೋದಿಂದ ವೈರೆಳೆದು
ಕೊಟ್ಟ ನೋಡು ಕರೆಂಟು,
ಹೊಗೆ ಬಂತು, ವೈರಿಂದ!
ಹತ್ತು ಸಲಕ್ಕೆ ಒಂದ್ಸಲ ಹತ್ತುತ್ತೆ, ಅದರ ಮರ್ಜಿ."

ಹೆಸರಘಟ್ಟದ ಕಡೆ, ಬೆಳಿಗ್ಗೆ ಏಳು.
ಎರಡೆಕರೆ ಹುಲ್ಲು,
ಕತ್ತರಿಸಿ, ಮಣ್ಣು ಸಮೇತ ಚಾಪೆ ಸುತ್ತಿ
ಅಪಾರ್ಟ್‌ಮೆಂಟುಗಳಿಗೆ ಮಾರುವ ಹುಲ್ಲು.
ಗಾಲ್ಫ್ ಕ್ಲಬ್ಬಿನ ಹರಾಜಿನಲ್ಲಿ ಕೊಂಡ
ಕೆಂಪು ಪುಟಾಣಿ ಟ್ರ್ಯಾಕ್ಟರಿನ ಸೀಟಿನ ಮೇಲೆ ಇಬ್ಬನಿ.
ಹನ್ನೊಂದಕ್ಕೆ ಲೋಡು ವೈಟ್‌ಫೀಲ್ಡಿಗೆ ಹೊರಡಬೇಕು.

ನಾನು ಕೇಳಬೇಕಿದ್ದದ್ದು ಒಂದೇ ಮಾತು:
ಬಿಸಿ ಇದ್ದಾಗಲೂ ಹೀಗೇನಾ?
ಆದರೆ ಬ ನನಗೆ ಆಗಿಬರದ ಅಕ್ಷರ.
ತುಟಿ ಕೂಡಿತೆಂದರೆ ಬಿಡಿಸಿಕೊಳ್ಳುವುದಿಲ್ಲ,
ಎದೆಯ ಗಾಳಿ ಕಲ್ಲಾಗುತ್ತದೆ.
ಬ್... ಬ್...
ಅವಳು ಕಾಯುತ್ತಾಳೆ. ಪುಣ್ಯಾತ್ಗಿತ್ತಿ,
ಮಿಕ್ಕವರ ಹಾಗೆ ಪದ ಎತ್ತಿ ಕೈಗೆ ಕೊಡುವುದಿಲ್ಲ.
ನಾನೇ ಅಡ್ಡದಾರಿ ಹಿಡಿದು, "ಓಡಿಸಿ ನಿಲ್ಲಿಸಿದ ಮೇಲೂ?"
"ಬಿಸಿ ಆದ್ರೂ ಅಷ್ಟೆ, ತಣ್ಣಗಿದ್ರೂ ಅಷ್ಟೆ."
ಎಷ್ಟು ಸಲೀಸು ಅವಳ ಬ.

ಪ್ಲಗ್ಗು ಬಿಚ್ಚಿಟ್ಟು ಕೀಲಿ ತಿರುಗಿಸಿದೆ.
ಗರಗರ ತಿರುಗಿತು ಬುಗುರಿ ಹಾಗೆ, ಬಾಯಿ ತೆರೆದುಕೊಂಡು.
ಅಂದರೆ ಬ್ಯಾಟರಿಯ ತಪ್ಪಿಲ್ಲ, ಮೋಟರಿನದೂ ಇಲ್ಲ.
ಉಸಿರು ಕಟ್ಟಿದೆ.

ಕಲಾಸಿಪಾಳ್ಯದ ನಮ್ಮ ಖುದ್ದೂಸ್ ಉಸ್ತಾದರು
ಬೀಡಿಯ ತುದಿಯಿಂದ ಗಾಳಿಯಲ್ಲಿ ಚಿತ್ರ ಬರೆದು ಹೇಳುತ್ತಿದ್ದರು:
ಮೊದಲ ಸಲ ಮೇಲೇರುವ ಪಿಸ್ಟನ್ನು
ಒಳಗಿನ ಗಾಳಿಯನ್ನೆಲ್ಲ ಒಂದೇ ಏಟಿಗೆ ಹಿಂಡಲಾರದು ಮಗಾ,
ಅದಕ್ಕೇ ಕ್ಯಾಮಿನ ಮೇಲೊಂದು ಸಣ್ಣ ಉಬ್ಬು ಇಟ್ಟಿರ್ತಾರೆ.
ಹೊಗೆ ವಾಲ್ವನ್ನು ಕೂದಲಷ್ಟು ಎತ್ತಿ
ಚೂರು ಉಸಿರು ಆಚೆ ಬಿಡುತ್ತೆ.
ವಾಲ್ವಿನ ಸಂದು ಸವೆದು ಅಗಲವಾಯ್ತೋ,
ಉಬ್ಬು ಅಲ್ಲೇ ಇರುತ್ತೆ, ಮುಟ್ಟೋದಿಲ್ಲ.
ಜನ ಹೋಗಿ ಬ್ಯಾಟರಿ ಕೊಳ್ತಾರೆ.

ಅಕ್ಕಯಮ್ಮನ ಮೊಮ್ಮಗ ಕುಡಿದೆಸೆದ ಎಳನೀರಿನ ಸ್ಟ್ರಾ
ಒರೆಸಿ, ಪ್ಲಗ್ಗಿನ ತೂತಿಗೆ ಇಳಿಬಿಟ್ಟೆ.
ಕೈಯಿಂದ ಫ್ಲೈವೀಲು ತಿರುವುತ್ತ
ಸ್ಟ್ರಾ ಏರುವುದನ್ನು ನೋಡಿದೆ. ತುದಿ ಮುಟ್ಟಿತು,
ಕಾಲಿಂಚು ಇಳಿಯಿತು. ಅಲ್ಲಿ ನಿಲ್ಲಿಸಿದೆ.
ಮುಚ್ಚಳ ತೆಗೆದು ಗೇಜಿನ ಎಲೆ ತೂರಿಸಿದರೆ
ನಾಲ್ಕು ತೌ ಹಿಡಿಯಬೇಕಾದ ಕಡೆ
ಹನ್ನೊಂದು ನುಸುಳಿ ಹೋಯಿತು, ಸದ್ದಿಲ್ಲದೆ.

ನಟ್ಟು ಸಡಿಲಿಸಿ, ತಿರುಪಿ, ಎಲೆ ಎಳೆದು ನೋಡಿ,
ಮತ್ತೆ ತಿರುಪಿ. ಬೆಣ್ಣೆಯಿಂದ ಚಾಕು ಎಳೆದಷ್ಟು
ಬಿಗಿ ಇರಬೇಕು, ಹೆಚ್ಚಲ್ಲ.
ನನಗೆ ಒಂಬತ್ತು ವರ್ಷವಿದ್ದಾಗ ಆಸ್ಪತ್ರೆಯ ಮೇಡಂ ಒಬ್ಬರು
ಕನ್ನಡಿ ಮುಂದೆ ಕೂರಿಸಿ ಅಂದಿದ್ದರು:
ಮಾತಿಗೆ ಮುಂಚೆ ಸ್ವಲ್ಪ ಗಾಳಿ ಬಿಟ್ಟುಬಿಡು, ಪುಟ್ಟಾ.
ಕನ್ನಡಿ ಮಂಜಾಯಿತೆಂದು ನಕ್ಕು
ಅದರ ಮೇಲೆ ಲಾರಿ ಬರೆದಿದ್ದೆ.

ಕೀಲಿ.
ಗ್ರ್ ಅಂದದ್ದಷ್ಟೇ, ಹತ್ತಿಕೊಂಡಿತು,
ಸೀಟಿನ ಇಬ್ಬನಿಯೆಲ್ಲ ಅದುರಿ ಉದುರಿತು.
ಅಕ್ಕಯಮ್ಮ ಇಂಜಿನ್ನಿಗೂ ನನಗೂ ಸೇರಿಸಿ ಒಂದು ಕೈ ಮುಗಿದು
ಫೋನು ತೆಗೆದಳು: "ನಿನ್ ಹೆಸರೇನಪ್ಪ? ಹಾಕ್ಕೋತೀನಿ."

ದ ನನ್ನ ಎರಡನೇ ಗೋಡೆ.
ಸಾಮಾನ್ಯ ಇಂಥ ಹೊತ್ತಿಗೆ ಕಾರ್ಡು ಕೊಟ್ಟುಬಿಡುತ್ತೇನೆ.
ಕಾರ್ಡು ಬ್ಯಾಗಿನಲ್ಲಿ, ಕೈತುಂಬ ಎಣ್ಣೆ.
ಚೂರು ಗಾಳಿ ಬಿಟ್ಟೆ, ಯಾರಿಗೂ ಕಾಣದಷ್ಟು, ನಾಲ್ಕು ತೌ.
"ದಸ್ತಗಿರಿ."

ಇಂಜಿನ್ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ.
ಕಿವಿಗೆ ಕೈ ಮರೆ ಮಾಡಿ ಬಾಗಿದಳು:
"ಏನಂದೆ? ಇನ್ನೊಂದ್ಸಲ ಹೇಳು."