ವಿಲ್ನಿಯಸ್‌ನಿಂದ ಡಬ್ಲಿನ್‌ಗೆ

ಎರಡು ಸಾವಿರ ಕಿಲೋಮೀಟರು, ಮೇಲೊಂದಿಷ್ಟು ಚಿಲ್ಲರೆ.
ಹಾರಿದರೆ ಮೂರು ಗಂಟೆ.
ಟಿಕೆಟ್ಟಿನ ಲೆಕ್ಕವೇ ಬೇರೆ:
ಬೆಳಗ್ಗೆ ಆರಕ್ಕೆ ಹೊರಟರೆ ಏಳಕ್ಕೆ ಡಬ್ಲಿನ್;
ಮರಳುವಾಗ ಆರಕ್ಕೆ ಬಿಟ್ಟರೆ ಹನ್ನೊಂದು.

ಹೋಗಲು ಒಂದು, ಬರಲು ಐದು.
ಯೋವಿತಾ ಇದನ್ನು ನಂಬಿಯೇಬಿಟ್ಟಿದ್ದಾಳೆ.

ಮೊನಾಘನ್ನಿನ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ
ಬಿಳಿ ಅಣಬೆ ತಿರುವಿ ತಿರುವಿ ಕೀಳುವವಳು.
ಚೀಲದಲ್ಲಿ ಮಾತ್ರ, ಅಕ್ಕ ಕಾಡಿನಲ್ಲಿ ಆಯ್ದು
ದಾರಕ್ಕೆ ಪೋಣಿಸಿ ಒಣಗಿಸಿದ ಕಂದು ಅಣಬೆ.
'ಅಲ್ಲಿ ಅಣಬೆಗೇನು ಬರವೇ?' ನಕ್ಕಿದ್ದ ತಪಾಸಣೆಯವನು.

ಕೈಗಡಿಯಾರವನ್ನು ಒಮ್ಮೆಯೂ ತಿದ್ದಿಲ್ಲ ಅವಳು.
ಕೆಲಸಕ್ಕೆ ಹೊರಡುವಾಗ
ಮನಸ್ಸಿನಲ್ಲೇ ಎರಡು ಕಳೆಯುತ್ತಾಳೆ, ಅಷ್ಟೆ.

ಈ ಸಲ ಚಾಕಲೇಟು ಒಯ್ದಿದ್ದಳು, ದೀಪ ಮಿನುಗುವ ಶೂ ಒಯ್ದಿದ್ದಳು.
ಅಕ್ಕನ ಮಗ ರಿಮ್ಗೌದಸ್, ಏಳರ ಪೋರ,
ಶೂ ಹಾಕಿಕೊಳ್ಳುತ್ತಲೇ ಕೇಳಿದ:
'ಅಲ್ಲಿ ಸಿಗೋ ಎರಡು ಗಂಟೆ
ನಮಗ್ಯಾಕೆ ತರಲ್ಲ, ಚಿಕ್ಕಮ್ಮಾ?'

'ಸ್ಥಳೀಯ ಸಮಯ ಏಳು,' ಎನ್ನುತ್ತದೆ ಸ್ಪೀಕರು.
ಸುತ್ತಲೂ ಮುಳ್ಳುಗಳು ಹಿಂದಕ್ಕೆ ತಿರುಗುತ್ತಿವೆ.
ಯೋವಿತಾ ಸ್ವೆಟರಿನ ತೋಳು
ಮಣಿಕಟ್ಟಿನ ಮೇಲೆ ಎಳೆದುಕೊಳ್ಳುತ್ತಾಳೆ.
ಒಳಗೆ ಒಂಬತ್ತು.
ಅವನಿಗೀಗ ಎರಡನೇ ಪೀರಿಯಡ್ಡು,
ಗಣಿತ.