ಬಿಸಿ ಸೂಜಿ

ಸೂಪರ್ ಮಾರ್ಕೆಟ್ ಹಿಂದಿನ ಓಣಿಯಾಗ, ಮ್ಯಾಲಿನ ಮಜಲಿಗೆ
ನನ್ನ ಹಲ್ಲಿನ ಕಾರಖಾನಿ ಅದ. ಡಾಕ್ಟರ ಅಲ್ಲ ನಾ,
ಡಾಕ್ಟರ ಕಳಿಸಿದ ಅಚ್ಚು ನೋಡಿ ದವಡಿ ಕಟ್ಟಾಂವ.
ಇಪ್ಪತ್ತಾರು ವರ್ಷಾತು. ಬೆರಳ ತುದಿಗೆ ಗುಲಾಬಿ ಪುಡಿ,
ಮೂಗಿನಾಗ ಅಕ್ರಿಲಿಕ್ ವಾಸನಿ, ಉಣ್ಣಾಗೂ.

ಶುಕ್ರವಾರ ಮಧ್ಯಾಹ್ನ ದಿಗಂಬರ ಬಂದ.
ಹಳೇ ಧೋತರದ ಗಂಟು ಬಿಚ್ಚಿದ:
ಮೊಳದಷ್ಟು ದವಡಿ, ಹಳದಿ ಉಸುಕಿನ ಕಲ್ಲು,
ಅದರಾಗ ಸಾಲು ಹಿಡಿದು ಒಂಬತ್ತು ಹಲ್ಲು.
“ಸಮುದ್ರದ ಹಲ್ಲಿದ್ದರಿ, ಮೊರಾಕ್ಕೋದಿಂದ ಬಂದದ್ದು.
ಏಳು ಕೋಟಿ ವರ್ಷದ್ದು. ನಿಮಗಂತ ಹದಿನಾಲ್ಕು ಸಾವಿರ.”
ಏಳು ಕೋಟಿ ಅನ್ನುವಾಗ ಅವನ ದನಿ ನಡುಗಲಿಲ್ಲ,
ಹದಿನಾಲ್ಕು ಸಾವಿರ ಅನ್ನುವಾಗ ನಡುಗಿತು.

ನಾ ಏನೂ ಅನ್ನಲಿಲ್ಲ. ಚಾ ತರಿಸಿದೆ.
ಗಲ್ಲಕ್ಕ ಒತ್ತಿಕೊಂಡೆ. ಕಲ್ಲು ಹೊತ್ತುತನಕ ತಣ್ಣಗಿರಬೇಕು,
ಇದು ಲಗೂನ ಬೆಚ್ಚಗಾತು, ಸಾಕಿದ ಬೆಕ್ಕಿನಂಗ.
ಭೂತಗನ್ನಡಿ ಹಿಡಿದೆ. ಹಲ್ಲಿನ ಬುಡದಾಗ ಗಾಳಿಗುಳ್ಳಿ,
ಸಾಸಿವಿಗಿಂತ ಸಣ್ಣವು, ದುಂಡಗ. ಅವು ನನಗ ಗೊತ್ತು.
ಗಡಿಬಿಡಿಯಾಗ ಕಲಸಿದ ದಿನ ನನ್ನ ಕೆಲಸದಾಗೂ ಏಳ್ತಾವ.
ಮತ್ತ, ಒಂಬತ್ತೂ ಒಂದೇ ಎತ್ತರ, ಒಂದೇ ವಯಸ್ಸು.
ಬಾಯಿ ಅಂದ್ರ ಹಂಗಿರೂದಿಲ್ಲೋ ದಿಗಂಬರ,
ಒಂದು ಸವೆದಿರ್ತದ, ಒಂದು ಮುರಿದಿರ್ತದ,
ಒಂದು ಈಗಷ್ಟೇ ವಸಡಿನಿಂದ ಇಣಿಕಿರ್ತದ.

ಸ್ಪಿರಿಟ್ ದೀಪ ಹಚ್ಚಿದೆ, ಸೂಜಿ ಕಾಯಿಸಿದೆ,
ದವಡಿಯ ಅಡಿಗೆ ಮುಟ್ಟಿಸಿದೆ.
ಹೊಗಿ ಎದ್ದಿತು. ನನ್ನ ಅಂಗಡಿಯದೇ ವಾಸನಿ.
ಹಲ್ಲಿಗೆ ಮುಟ್ಟಿಸಿದೆ.
ಏನೂ ಇಲ್ಲ.

ಹಲ್ಲು ಖರೇ, ದವಡಿ ಖೊಟ್ಟಿ.
ನನ್ನ ಗಿರಾಕಿಗಳದು ಇದರ ಉಲ್ಟಾ.

ದಿಗಂಬರ ಸಿಟ್ಟಾಗಲಿಲ್ಲ. “ನನಗೂ ಯಾರೋ ಮಾರಿದ್ರು,” ಅಂದ.
ಇರಬಹುದು. ನಾಲ್ಕು ಹಲ್ಲು ಕಿತ್ತುಕೊಡು ಅಂದೆ.
“ಬಿಡಿ ಹಲ್ಲು ಯಾರು ತಗೋತಾರ್ರಿ?”
ನಾ ತಗೋತೀನಿ. ಆರುನೂರು ರೂಪಾಯಿ.

ನಾ ಮೋಸ ಹೋಗಿಲ್ಲಂತಲ್ಲ.
ಮೊದಲ ಸಲ ಕೊಂಡದ್ದು ಶಹಾಬಾದ್ ಖಣಿಯ ಬಾಜೂಕ,
ಒಂದು ಫರಸಿ ಕಲ್ಲು, ಎಂಬತ್ತು ರೂಪಾಯಿ.
ಅದರ ಮೈಮ್ಯಾಲ ಕರಿ ಜರಿಗಿಡ, ಎಳಿ ಎಳಿಯಾಗಿ,
ಟೊಂಗಿಗೆ ಟೊಂಗಿ, ಎಲಿಗೆ ಎಲಿ.
ಕಾಲೇಜಿನ ಭೂಗರ್ಭದ ಮಾಸ್ತರ ಶಂಕ್ರೆಪ್ಪ ಪುಜಾರಿ
ಬೆರಳಿನಿಂದ ಸವರಿ ಅಂದಿದ್ರು:
“ಇದು ಗಿಡ ಅಲ್ಲಪಾ. ಬಿರುಕಿನಾಗ ನೀರು ಹೊಕ್ಕು
ಮ್ಯಾಂಗನೀಸ್ ಬಿಟ್ಟು ಹೋದ ಗುರ್ತು.
ಈ ಕಲ್ಲು ಕೂಡುವಾಗ ಭೂಮಿ ಮ್ಯಾಲ
ಎಲಿ ಅಂಬೋದೇ ಇರಲಿಲ್ಲ.”
ಆ ಕಲ್ಲು ಇನ್ನೂ ಕಿಟಕಿಯಾಗ ಅದ.
ಯಾರ ಮ್ಯಾಲ ಸಿಟ್ಟು ಮಾಡಲಿ? ನೀರಿನ ಮ್ಯಾಲ?
ಮುಂಜಾನಿ ಬಿಸಿಲು ಬಿದ್ದಾಗ
ಹುಟ್ಟದ ಗಿಡಕ್ಕೂ ನೆಳ್ಳು ಇದ್ದಂಗ ಕಾಣ್ತದ.

ಹೇಳಬೇಕಾದ್ದು ಇನ್ನೊಂದು ಅದ.
ಚಿಂಚೋಳಿ ಕಡೆ ಬಾಂವಿ ತೋಡೋ ಇಮಾಮಸಾಬ
ಹೋದ ವರ್ಷ ಒಂದು ಬಸವನಹುಳು ತಂದಿದ್ದ.
ಕಡಲಿ ಕಾಳಿನಷ್ಟು, ಕಲ್ಲಾದದ್ದು, ಬಾಯಿ ಒಡೆದದ್ದು,
ಒಂದು ಬಾಜೂ ಚಪ್ಪಟಿ. ನೋಡಲಿಕ್ಕ ಏನೂ ಛಂದಿಲ್ಲ.
“ರೊಕ್ಕ ಬ್ಯಾಡ್ರಿ,” ಅಂದಿದ್ದ, “ನಿಮಗ ಹುಚ್ಚು ಅಂತ ಕೇಳಿದ್ದೆ.”

ಆ ರಾತ್ರಿ ಅಂಗಡಿ ಬಾಗಿಲು ಮುಚ್ಚಿ
ಸೂಜಿ ಕಾಯಿಸಿದೆ.
ಹೊಗಿ ಇಲ್ಲ, ವಾಸನಿ ಇಲ್ಲ.
ಸುರುಳಿಯ ಎರಡನೇ ಸುತ್ತಿನ ಮ್ಯಾಲ
ಒಂದು ಕರಿ ಚುಕ್ಕಿ ಮಾತ್ರ ಉಳೀತು. ಎಷ್ಟು ಒರಸಿದ್ರೂ.

ಮೊನ್ನೆ ಇಮಾಮಸಾಬ ಕೆಳಗಿನ ಸೆಟ್ ಚುಚ್ತದಂತ ಬಂದ.
ನಾ ಅದನ್ನ ಉಜ್ಜುವಾಗ
ಕಪಾಟಿನ ಗಾಜಿನಾಗ ಇಣಿಕಿ ನೋಡಿದ.
ಬಾಳಹೊತ್ತು ನೋಡಿದ.
“ಸುಟ್ಟು ನೋಡಿದ್ರೇನ್ರಿ?” ಅಂದ.

ಸೆಟ್ ಕೈಗೆ ಕೊಟ್ಟೆ. ಹಾಕ್ಕೊಂಡ, ಕಚ್ಚಿ ನೋಡಿದ,
ಆಮ್ಯಾಲ ನಕ್ಕ,
ನಾ ಕಟ್ಟಿದ ಎಲ್ಲಾ ಹಲ್ಲು ಕಾಣುವಂಗ.