ಎಡಗಡೆಯ ಮಿನಾರು

ಬರ್ಸ್ಲೆಮ್ಮಿನ ಟೈಲ್ಸ್ ಕಾರ್ಖಾನೆ ಮುಚ್ಚುವ ವಾರ
ತಲೆಗೊಂದು ಬಿಳಿ ಟೈಲು ಕೊಟ್ಟರು:
ಬೇಕಾದ್ದು ಬರೆಯಿರಿ, ಕೊನೆಯ ಭಟ್ಟಿಗೆ ಹಾಕುತ್ತೇವೆ.
ಕೆಲವರು ನಾಯಿ ಬರೆದರು, ಕೆಲವರು ಮೊಮ್ಮಕ್ಕಳ ಹೆಸರು.
ನಾನು ಬೀದರಿನ ಮದರಸಾ ಬರೆದೆ.
ಇಪ್ಪತ್ತಾರು ವರ್ಷ ಬರೀ ಬಣ್ಣ ಕಲಸಿದ ಕೈ,
ಕುಂಚ ಹಿಡಿದದ್ದು ಅಂದೇ.

ಅಪ್ಪ ಅಲ್ಲಿ ಕಾವಲುಗಾರ. ಮಾಣಿಕಪ್ಪ.
ಭಾನುವಾರ ಮೆಥೋಡಿಸ್ಟ್ ಚರ್ಚು,
ಉಳಿದ ಆರು ದಿನ ಗವಾನನ ಬಾಗಿಲು.
ಕಾಯುವುದೇನಿದ್ದರೂ ಮೇಕೆಗಳಿಂದ,
ಗೋಡೆಗೆ ಹೆಸರು ಕೆತ್ತುವ ಪ್ರೇಮಿಗಳಿಂದ.
ಬುತ್ತಿ ಒಯ್ದರೆ ನನ್ನನ್ನು ನಿಲ್ಲಿಸಿ ಎಣಿಸಲು ಹಚ್ಚುತ್ತಿದ್ದ,
ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಹತ್ತುವ ಹಸಿರು, ನೀಲಿ:
ಉದುರಿದ್ದೆಷ್ಟು, ಉಳಿದದ್ದೆಷ್ಟು.

‘ಇನ್ನೊಂದು ಎಲ್ಲಿ ಹೋತಪ್ಪಾ?’
‘ಮದ್ದು ಇಟ್ಟಿದ್ರವ್ವಾ ಕೋಣ್ಯಾಗ. ಸಿಡಿಲು ಬಿತ್ತು ಅಂತಾರ.
ನಾ ಇದ್ದಿಲ್ಲ ಆವಾಗ.’
ಮುನ್ನೂರು ವರ್ಷದ ಹಿಂದಿನದಕ್ಕೂ
ತನ್ನ ಪಾಳಿಯಲ್ಲಿ ಆದದ್ದಲ್ಲವೆಂದು
ಸಾಹೇಬರಿಗೆ ವರದಿ ಒಪ್ಪಿಸುವವನ ಹಾಗೆ.

ಬೆರಿಲ್ ನನ್ನ ಪಕ್ಕದ ಬೆಂಚು.
ನಲವತ್ತು ವರ್ಷ ಗುಲಾಬಿ ಬರೆದವಳು.
ಈ ಊರ ರೂಢಿಯಂತೆ ನನ್ನನ್ನು ‘ಡಕ್’ ಅನ್ನುತ್ತಾಳೆ,
ಬಾತುಕೋಳಿ; ಅದು ಅಕ್ಕರೆ.
ನಾನು ಮನೆಗೆ ಹೊರಟ ಮೇಲೆ ನೋಡಿದಳಂತೆ,
ಒಂದೇ ಕಡೆ ಗೋಪುರ. ಪಾಪ,
ರೂತಿಗೆ ಹೊತ್ತು ಸಾಲಲಿಲ್ಲ ಅಂದುಕೊಂಡಳು.
ಎಡಕ್ಕೊಂದು ನಿಲ್ಲಿಸಿದಳು.
ಅದರ ಅಂಕುಡೊಂಕು ನನ್ನದಕ್ಕಿಂತ ಚಂದ.

ಬೆಳಿಗ್ಗೆ ಭಟ್ಟಿ ತೆರೆದಾಗ ಎರಡೂ ನಿಂತಿದ್ದವು.
ಬೆಂಕಿಯಲ್ಲಿ ಹೋದದ್ದು
ಬೆಂಕಿಯಲ್ಲೇ ವಾಪಸು, ಇನ್ನೂ ಬೆಚ್ಚಗೆ.
ಬೆರಿಲ್ ನನ್ನ ಮುಖ ನೋಡುತ್ತ ಕಾದಳು.
ಥ್ಯಾಂಕ್ಸ್ ಅಂದೆ. ಇನ್ನೇನು ಅನ್ನಲಿ?

ಈಗ ಅದು ಅಡುಗೆಮನೆಯ ಕಟ್ಟೆಯ ಮೇಲೆ.
ಕಿಟಕಿಯಾಚೆ ಕಾಲುವೆ, ದಂಡೆಗೊಂದು
ಬಾಟಲಿಯಾಕಾರದ ಹಳೆಯ ಭಟ್ಟಿ;
ಹೊಗೆಯಿಲ್ಲದೆ, ಹೊಟ್ಟೆ ಬಿಟ್ಟುಕೊಂಡು ನಿಂತಿದೆ.
ಅದರ ಜೋಡಿ ಕೆಡವಿದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ಚಹಾದ ಕಪ್ಪನ್ನು ಎಡಗಡೆಗೇ ಇಡುತ್ತೇನೆ,
ಮಿನಾರು ಮುಚ್ಚುವ ಹಾಗೆ.
ಎತ್ತಿದರೆ ಅಲ್ಲೇ ಇರುತ್ತದೆ,
ಒದ್ದೆ ಉಂಗುರದೊಳಗೆ.

ಅಪ್ಪ ಕೇಳಿದರೆ
ನನ್ನ ಪಾಳಿಯಲ್ಲೇ ಆದದ್ದು
ಅನ್ನಬೇಕು.